ಕೊಡಗಿಗೆ ಹೋದಾಗ ಮೊದಲ ಸಲ ಪಿಸ್ತೂಲ್ ಹಿಡಿಯುವವರಿಗೆ

ಕೊಡಗಿನಲ್ಲಿ ಕೋವಿ ಮನೆಮಂದಿಯ ಹಾಗೆ. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬ ಬಂದರೆ ಅದಕ್ಕೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ನೋಡಿದರೆ ನಮಗೂ ಕೈ ತುರಿಸುತ್ತದೆ, ಅಲ್ವಾ? ಆದರೆ ಲೈಸೆನ್ಸ್ ವಿನಾಯಿತಿ ಇರುವುದು ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ, ಪ್ರವಾಸಿಗಳಿಗಲ್ಲ. ಪರಿಚಯದವರು ಕೊಟ್ಟರೂ ತೋಟದಲ್ಲಿ ಸುಮ್ನೆ ಹೊಡೆಯಬೇಡಿ. ಹೇಳಿಕೊಡುವವರು ಇರುವ ಕಡೆ 10 ಮೀಟರ್ ದೂರದ ಗುರಿಗೆ ಏರ್ ಪಿಸ್ತೂಲಿನಿಂದ (ಗಾಳಿಯ ಒತ್ತಡದಿಂದ ಹೊಡೆಯುವಂಥದ್ದು) ಶುರು ಮಾಡಿ.

ಅದರ ಗುಂಡು 4.5 ಮಿ.ಮೀ. ಪೆಲೆಟ್ ತಾನೇ ಅಂತ ಹಗುರ ಮಾಡಬೇಡಿ, ಕಣ್ಣು ಹೋಗುತ್ತದೆ. ಕನ್ನಡಕ ಹಾಕಿ. ಖಾಲಿ ಇದ್ದರೂ ನಳಿಗೆ ಗುರಿಯ ಕಡೆಗೇ ಇರಲಿ. ನಾನು ಮೊದಲ ಸಲ ಹೊಡೆದ ಖುಷಿಗೆ ಪಿಸ್ತೂಲ್ ಸಮೇತ ಗೆಳೆಯನತ್ತ ತಿರುಗಿಬಿಟ್ಟೆ, ಚೆನ್ನಾಗಿ ಬೈಸಿಕೊಂಡೆ, ಬೈಯಬೇಕಾದದ್ದೇ.

ಪಕ್ಕಕ್ಕೆ ತಿರುಗಿ ನಿಂತು ಒಂದೇ ಕೈ ಚಾಚಿ, ಇನ್ನೊಂದು ಜೇಬಿನಲ್ಲಿರಲಿ. ಗುರಿ ನೋಡಲು ನಳಿಗೆಯ ಮೇಲೆ ಹಿಂದೆ ಮುಂದೆ ಒಂದೊಂದು ಸೈಟ್ ಇರುತ್ತದೆ; ಹಿಂದಿನ ಸೈಟಿನ ಸೀಳಿನ ನಡುವೆ ಮುಂದಿನ ಸೈಟ್ ಕೂರಬೇಕು, ಎರಡರ ತಲೆಯೂ ಸಮ, ಕಣ್ಣು ಮುಂದಿನದರ ಮೇಲೇ. ಕಾಗದದ ಕಪ್ಪು ವೃತ್ತ ಮಸುಕಾದರೆ ಅದೇ ಸರಿ. ಟ್ರಿಗರ್ ಜಗ್ಗಬೇಡಿ, ಬೆರಳ ತುದಿಯಿಂದ ಮೆಲ್ಲಗೆ ಒತ್ತುತ್ತಾ ಹೋಗಿ. 10 ಅಂಕದ ವೃತ್ತ ಬರೀ 11.5 ಮಿ.ಮೀ., ಅಂಗಿಯ ಗುಂಡಿಯಷ್ಟು. ಕೈ ಜಾಸ್ತಿ ನಡುಗಿದರೆ ಬೆರಳು ಟ್ರಿಗರ್‌ನಿಂದ ತೆಗೆದು ಇಳಿಸಿ, ಉಸಿರಾಡಿ, ಮತ್ತೆ ಎತ್ತಿ.