ಒಂಬತ್ತು ದಿನ ಹೂವು, ಒಂಬತ್ತು ಕಾಳು ಭತ್ತ: ಮಕ್ಕಳ ಜೊತೆ ನಮ್ಮ ಮೊಂತಿ ಹಬ್ಬ

ಆಗಸ್ಟ್ 30, ಸಂಜೆ ಐದೂಕಾಲು. ಮಗಳು ಶಾಲೆಯಿಂದ ಬಂದವಳು ಬ್ಯಾಗ್ ಕೂಡ ಇಳಿಸದೆ ಕೇಳಿದಳು, "ಮಮ್ಮಿ, ಹೂವು ಎಲ್ಲಿ?" ಆರು ಗಂಟೆಗೆ ಚರ್ಚಿನಲ್ಲಿ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ. ನಾನು ಆಫೀಸಿನ ಕರೆಯಲ್ಲಿದ್ದೆ. ಓಡಿಹೋಗಿ ಗಲ್ಲಿ ಮೂಲೆಯ ಹೂವಿನವಳ ಹತ್ತಿರ ಕಾಲು ಕೆಜಿ ಸೇವಂತಿಗೆ ತಂದು, ಬುಟ್ಟಿಗೆ ಸುರಿದು, ಇಬ್ಬರ ಕೈಗೂ ಒಂದೊಂದು ಕೊಟ್ಟೆ. ಮರುದಿನವೂ ಅದೇ. ಮೂರನೆಯ ದಿನ ಮಗ, ಆಗ ಅವನಿಗೆ ಐದು ವರ್ಷ, "ನಾನು ಬರಲ್ಲ, ಬೋರು" ಎಂದ.

ರಾತ್ರಿ ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಗೋಳು ಹೇಳಿಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡು ಕೊಂಕಣಿಯಲ್ಲಿ ಒಂದೇ ಮಾತು ಕೇಳಿದರು: "ಹೂವು ತಂದದ್ದು ನೀನು. ಮಕ್ಕಳು ಎಂತ ತಂದದ್ದು?"

ನಾನು ಹುಟ್ಟಿ ಬೆಳೆದದ್ದು ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯಲ್ಲಿ. ಈಗ ಹದಿಮೂರು ವರ್ಷದಿಂದ ಬೆಂಗಳೂರು. ಸೆಪ್ಟೆಂಬರ್ 8 ಮಾತೆ ಮರಿಯಮ್ಮನ ಹುಟ್ಟುಹಬ್ಬ. ಕರಾವಳಿಯ ಕ್ಯಾಥೊಲಿಕರಿಗೆ ಅದೇ ಮೊಂತಿ ಫೆಸ್ತ್, ಅದೇ ತೆನೆ ಹಬ್ಬ, ಅದೇ ಹೊಸ ಅಕ್ಕಿ ಊಟ. ಅದಕ್ಕೆ ಮೊದಲು ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ. ಮಕ್ಕಳು ದಿನಾ ಬುಟ್ಟಿಯಲ್ಲಿ ಹೂವು ತಂದು ಬಾಲ ಮರಿಯಮ್ಮನ ಮೂರ್ತಿಯ ಮುಂದೆ ಹಾಡುತ್ತಾ ಚೆಲ್ಲುತ್ತಾರೆ. ಕೊನೆಯ ದಿನ ಪ್ರತಿ ಮಗುವಿಗೂ ಕಬ್ಬು. ನಮಗೆ ಚಿಕ್ಕಂದಿನಲ್ಲಿ ಭಕ್ತಿ ಎಷ್ಟಿತ್ತೋ ಗೊತ್ತಿಲ್ಲ, ಕಬ್ಬಿನ ಮೇಲೆ ಆಸೆ ಮಾತ್ರ ಜೋರಾಗಿತ್ತು.

ಅಮ್ಮನ ಮಾತು ಕೇಳಿದ ಮೇಲೆ ನೆನಪಾಯಿತು. ನಮ್ಮ ಕಾಲದಲ್ಲಿ ಹಬ್ಬ ಅಂದರೆ ಹೂವು ಹುಡುಕುವುದೇ. ಮಳೆಯಲ್ಲಿ ಕೊಡೆ ಹಿಡಿದು ಗುಡ್ಡೆ, ತೋಡು, ಬೇಲಿ ಎಲ್ಲ ಸುತ್ತುವುದು. ಕೇಪಳ, ಗೊರಟೆ, ದಾಸವಾಳ, ಕರ್ಣಕುಂಡಲ, ತುಂಬೆ, ಏನು ಸಿಕ್ಕಿದರೆ ಅದು. ಪಕ್ಕದ ಶೆಟ್ಟರ ಮನೆಯ ಅಕ್ಕ ಅಂಗಳದ ಡೇರೆ ಹೂವನ್ನು ಆ ಒಂಬತ್ತು ದಿನ ಮುಟ್ಟುತ್ತಿರಲಿಲ್ಲ. "ಮೊಂತಿ ಹಬ್ಬದ ಮಕ್ಕಳು ಬಂದ್ರಾ?" ಅಂತ ಅವರೇ ಕರೆದು ಕೊಯ್ದು ಕೊಡುತ್ತಿದ್ದರು. ಯಾರ ಬುಟ್ಟಿಯಲ್ಲಿ ಎಷ್ಟು ಬಣ್ಣ ಅಂತ ದಾರಿಯುದ್ದಕ್ಕೂ ಜಗಳ. ಆ ಸುತ್ತಾಟವನ್ನೆಲ್ಲ ನಾನು ಕಾಲು ಕೆಜಿ ಸೇವಂತಿಗೆಗೆ ಇಳಿಸಿಬಿಟ್ಟಿದ್ದೆ.

ಮುಂದಿನ ವರ್ಷ ಹೂವು ಕೊಳ್ಳಲಿಲ್ಲ. ಆಗಸ್ಟ್ ಮಧ್ಯದಲ್ಲೇ ಇಬ್ಬರನ್ನೂ ಅಪಾರ್ಟ್‌ಮೆಂಟಿನ ಮನೆಮನೆಗೆ ಕಳಿಸಿದೆ. "ಆಂಟಿ, ನಿಮ್ಮ ಗಿಡದಿಂದ ಎರಡು ಹೂವು ಕೊಡ್ತೀರಾ? ನಮ್ಮ ಚರ್ಚಿನಲ್ಲಿ ಹಬ್ಬ ಇದೆ." ಇಷ್ಟು ಕೇಳುವುದನ್ನು ಕಲಿಸಲು ಮೂರು ದಿನ ಬೇಕಾಯಿತು. ಮಗಳಿಗೆ ನಾಚಿಕೆ. ಮಗನಿಗೆ ನಾಚಿಕೆಯೇ ಇಲ್ಲ, ಅವನು ಲಿಫ್ಟಿನಲ್ಲಿ ಸಿಕ್ಕಿದವರನ್ನೆಲ್ಲ ಕೇಳಿದ. ನಾನು ಹಾಕಿದ ನಿಯಮ ಒಂದೇ: ಒಂದು ಗಿಡದಿಂದ ಎರಡೇ ಹೂವು, ಅದೂ ಮನೆಯವರ ಪೂಜೆಗೆ ಕೊಯ್ದಾದ ಮೇಲೆ. ಗೌರಿ ಗಣೇಶ ಹಬ್ಬ ಎಷ್ಟೋ ಸಲ ಇದೇ ದಿನಗಳಲ್ಲಿ ಬರುತ್ತದೆ. ಆಗ ಅವರಿಗೂ ಹೂವು ಬೇಕು, ಮಾರ್ಕೆಟ್ಟಿನಲ್ಲಿ ರೇಟು ಕೇಳುವ ಹಾಗೇ ಇರುವುದಿಲ್ಲ.

ಕೆಳಗಿನ ಮನೆಯ ಆಂಟಿ ಟೆರೇಸಿನ ಶಂಖಪುಷ್ಪದ ಬಳ್ಳಿಯನ್ನು ಪೂರ್ತಿ ಬಿಟ್ಟುಕೊಟ್ಟರು. ವಾಚ್‌ಮನ್ ಅಣ್ಣ ಗೇಟಿನ ಹತ್ತಿರದ ನಂದಿಬಟ್ಟಲು ತೋರಿಸಿದರು. ನಾಲ್ಕು ವರ್ಷದಿಂದ ದಿನಾ ಅದರ ಪಕ್ಕದಲ್ಲೇ ನಡೆದು ಹೋಗುತ್ತಿದ್ದೆ, ಒಮ್ಮೆಯೂ ಕಂಡಿರಲಿಲ್ಲ.

ದಾಸವಾಳದ ಬಗ್ಗೆ ಒಂದು ಮಾತು. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುದುಡುತ್ತದೆ, ನೊವೆನಾ ಇರುವುದೇ ಸಂಜೆ. ಬೆಳಿಗ್ಗೆ ಕೊಯ್ದು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಸಂಜೆಯ ಪ್ರಾರ್ಥನೆಗೆ ಸರಿಯಾಗಿರುತ್ತದೆ. ಆ ಒಂಬತ್ತು ದಿನ ನಮ್ಮ ಫ್ರಿಜ್ಜಿನಲ್ಲಿ ಮೀನಿನ ಡಬ್ಬಿಗೆ ಜಾಗ ಇಲ್ಲ. ಯಜಮಾನರ ಮುಖ ನೋಡಬೇಕು ನೀವು.

ನಮ್ಮ ಚರ್ಚಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಪೂಜೆ ಇದೆ. ಮಂಗಳೂರು ಕಡೆಯವರು ಜಾಸ್ತಿ ಇರುವುದರಿಂದ ಈ ನೊವೆನಾದ ಹಾಡು ಕೊಂಕಣಿಯಲ್ಲೂ ಇರುತ್ತದೆ. ನನ್ನ ಮಕ್ಕಳ ಕೊಂಕಣಿ ಅಷ್ಟಕ್ಕಷ್ಟೇ. ಅಮ್ಮ ಹಾಡಿನ ಒಂದೊಂದು ಸಾಲನ್ನು ವಾಟ್ಸಾಪ್ ವಾಯ್ಸ್‌ನಲ್ಲಿ ಕಳಿಸಿದರು, ಇವರು ಸ್ಕೂಲ್ ವ್ಯಾನಿನಲ್ಲಿ ಕೇಳಿಕೊಂಡು ಹೋದರು. ಅರ್ಥ ನಾನು ಹೇಳಿಕೊಟ್ಟೆ. ಉಚ್ಚಾರ ಮಾತ್ರ ಊರಿನ ಅಜ್ಜಿಯದೇ. ಈಗಲೂ ಅವರಿಬ್ಬರು ಆ ಹಾಡನ್ನು ಸ್ವಲ್ಪ ಮುದುಕಿಯ ದನಿಯಲ್ಲೇ ಹಾಡುತ್ತಾರೆ.

ಮೊದಲ ಸಂಜೆ ಮಗ ಸಾಲಿನಲ್ಲಿ ನಿಂತವನು ಮೂರ್ತಿಯ ಮುಂದೆ ಬಂದ ಕೂಡಲೇ ಬುಟ್ಟಿಯನ್ನು ಒಂದೇ ಸಲಕ್ಕೆ ಬೋರಲು ಹಾಕಿದ. ಹಾಡು ಇನ್ನೂ ಎರಡನೆಯ ಚರಣದಲ್ಲಿತ್ತು. ಉಳಿದ ಮಕ್ಕಳು ಒಂದೊಂದೇ ಎಸಳು ಚೆಲ್ಲುತ್ತಿದ್ದಾರೆ, ಇವನು ಖಾಲಿ ಬುಟ್ಟಿ ಹಿಡಿದು ನನ್ನ ಕಡೆ ನೋಡುತ್ತಿದ್ದಾನೆ. ನಾನು ಎದ್ದು ಹೋಗಲಿಲ್ಲ. ಹೋಗಬೇಕು ಅನ್ನಿಸಿತ್ತು, ಕೈ ಕಟ್ಟಿಕೊಂಡು ಕೂತೆ. ಮರುದಿನ ಅವನು ಬುಟ್ಟಿಯಲ್ಲಿದ್ದುದನ್ನು ಮನೆಯಲ್ಲೇ ಎಣಿಸಿದ. ಹದಿನಾಲ್ಕು. ಹಾಡಿನ ಸಾಲು ಎಷ್ಟು ಅಂತ ಅಕ್ಕನನ್ನು ಕೇಳಿ ಲೆಕ್ಕ ಹಾಕಿಕೊಂಡ. ಕೊನೆಯ ಸಾಲಿಗೆ ಒಂದು ನೀಲಿ ಶಂಖಪುಷ್ಪ ಉಳಿಸಿಕೊಂಡಿದ್ದ.

ಪ್ರಶ್ನೆಗಳು ಶುರುವಾದದ್ದು ಆ ವಾರವೇ. "ಮರಿಯಮ್ಮ ಸೆಪ್ಟೆಂಬರ್ ಎಂಟಕ್ಕೇ ಹುಟ್ಟಿದ್ದು ಅಂತ ಬೈಬಲಿನಲ್ಲಿ ಇದೆಯಾ?" ಇಲ್ಲ ಎಂದೆ. ಅವರ ಜನನದ ಕಥೆಯೇ ಬೈಬಲಿನಲ್ಲಿಲ್ಲ. ತಂದೆ ತಾಯಿಯ ಹೆಸರು ಜೋಕಿಂ, ಅನ್ನಮ್ಮ ಅನ್ನುವುದೂ ಹಳೆಯ ಸಂಪ್ರದಾಯದಿಂದ ಬಂದದ್ದು. ಜುಲೈ 26 ಅವರಿಬ್ಬರ ಹಬ್ಬ, ಅಂದರೆ ಅಜ್ಜ ಅಜ್ಜಿಯ ಹಬ್ಬ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಮಕ್ಕಳಿಗೆ ಹೇಳಬಾರದು ಅನ್ನುವುದು ನನ್ನ ಹಟ. ಮುಂದೆ ಅವರೇ ಓದಿ ತಿಳಿದುಕೊಂಡರೆ ಉಳಿದದ್ದನ್ನೂ ನಂಬುವುದಿಲ್ಲ.

ಆದರೆ ತಾರೀಕಿನ ಒಂದು ಲೆಕ್ಕ ತೋರಿಸಿದೆ. ಮರಿಯಮ್ಮ ತನ್ನ ತಾಯಿಯ ಗರ್ಭದಲ್ಲಿ ಮೂಡಿದ ಹಬ್ಬ ಡಿಸೆಂಬರ್ 8. ಅಲ್ಲಿಂದ ಎಣಿಸು ಎಂದೆ. ಮಗಳು ಬೆರಳು ಮಡಿಸುತ್ತಾ ಎಣಿಸಿ, ಒಂಬತ್ತನೆಯ ಬೆರಳಿಗೆ ಸೆಪ್ಟೆಂಬರ್ ಬಂದಾಗ "ಓ!" ಎಂದಳು. ಡಿಸೆಂಬರ್ 8 ಯೇಸುವಿನ ಗರ್ಭಧಾರಣೆ ಅಂತ ತಿಳಿದುಕೊಂಡಿರುವ ದೊಡ್ಡವರೇ ಬೇಕಾದಷ್ಟು ಜನ ಇದ್ದಾರೆ. ಹುಟ್ಟಿದ ದಿನವನ್ನು ಚರ್ಚು ಹಬ್ಬ ಮಾಡುವುದು ಮೂವರಿಗೆ ಮಾತ್ರ: ಯೇಸು, ಮರಿಯಮ್ಮ, ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನ. ಉಳಿದ ಸಂತರಿಗೆಲ್ಲ ಸಾಮಾನ್ಯವಾಗಿ ತೀರಿಕೊಂಡ ದಿನವೇ ಹಬ್ಬ. ಇದನ್ನು ಕೇಳಿ ಮಗನಿಗೆ ಸ್ವಲ್ಪ ಬೇಜಾರಾಯಿತು.

ಮೊಂತಿ ಅಂದರೆ ಏನು ಅಂತಲೂ ಕೇಳಿದರು. ಪೋರ್ಚುಗೀಸಿನಲ್ಲಿ ಮೊಂತೆ ಅಂದರೆ ಬೆಟ್ಟ. ನೇತ್ರಾವತಿ ದಡದ ಫರಂಗಿಪೇಟೆಯಲ್ಲಿ ಮೊಂತೆ ಮರಿಯಾನೊ ಚರ್ಚಿದೆ. 1763ರಲ್ಲಿ ಅಲ್ಲಿ ಗೋವಾದ ಫಾದರ್ ಜೋಕಿಂ ಮಿರಾಂದ ಈ ಹಬ್ಬ ಶುರು ಮಾಡಿದರು ಅಂತ ನಮ್ಮಲ್ಲಿ ಹೇಳಿಕೊಂಡು ಬಂದಿದ್ದಾರೆ. ರಜೆಯಲ್ಲಿ ಊರಿಗೆ ಹೋಗುವಾಗ ಒಮ್ಮೆ ಕಾರು ನಿಲ್ಲಿಸಿ ತೋರಿಸಿದೆ.

ಇನ್ನು ತೆನೆ. ಊರಿನಲ್ಲಾದರೆ ಗದ್ದೆಗೆ ಇಳಿದು ಕೊಯ್ದರಾಯಿತು. ಒಂದು ವರ್ಷ ಅಮ್ಮ ಬೂಟಿನ ಪೆಟ್ಟಿಗೆಯಲ್ಲಿ ಪೇಪರ್ ಸುತ್ತಿ ಬಸ್ಸಿನಲ್ಲಿ ಕಳಿಸಿದರು. ಘಾಟಿಯಲ್ಲಿ ಗುಡ್ಡ ಜಾರಿ ಬಸ್ಸು ಸುತ್ತಿ ಬಂತು. ಪೆಟ್ಟಿಗೆ ನನ್ನ ಕೈಗೆ ಸಿಕ್ಕಿದ್ದು ಸೆಪ್ಟೆಂಬರ್ 9ಕ್ಕೆ. ಬಿಚ್ಚಿದರೆ ಬೂಸಲು ವಾಸನೆ.

ಆಗ ಯಜಮಾನರಿಗೆ ಐಡಿಯಾ ಬಂತು, ಬಾಲ್ಕನಿಯಲ್ಲೇ ಬೆಳೆಯೋಣ ಅಂತ. ಇಪ್ಪತ್ತು ಲೀಟರಿನ ಎರಡು ಬಕೆಟ್, ಜೇಡಿ ಮಣ್ಣು, ಸ್ವಲ್ಪ ಸೆಗಣಿ ಗೊಬ್ಬರ, ಊರಿನಿಂದ ತಂದ ಕೆಂಪು ಭತ್ತ. ಮೊದಲ ಸಲ ಶಾಲೆ ಶುರುವಾದ ಮೇಲೆ, ಜೂನ್ ಕೊನೆಯಲ್ಲಿ ಬಿತ್ತಿದೆವು. ಹಬ್ಬದ ದಿನಕ್ಕೆ ಹಸಿರು ಹುಲ್ಲು ಚೆಂದ ಇತ್ತು, ತೆನೆ ಹೊಡೆಯೊಳಗೇ ಮಲಗಿತ್ತು. ಅದು ನಾಲ್ಕು ತಿಂಗಳ ಭತ್ತ. ಎಂಟಕ್ಕೆ ತೆನೆ ಬೇಕು ಅಂದರೆ ಮೇ ಮೊದಲ ಎರಡು ವಾರದಲ್ಲೇ ಬಿತ್ತಬೇಕು ಅನ್ನುವುದು ಗದ್ದೆ ಮನೆಯಲ್ಲಿ ಹುಟ್ಟಿದ ನನಗೆ ಹೊಳೆಯಲಿಲ್ಲ, ನೋಡಿ.

ಎರಡನೆಯ ವರ್ಷ ಮೇ 10ಕ್ಕೆ ಬಿತ್ತಿದೆವು. ಮೂರು ವಾರಕ್ಕೆ ನೇಜಿ (ಭತ್ತದ ಸಸಿ) ಕಿತ್ತು ಬಕೆಟ್ಟಿಗೆ ನಾಲ್ಕು ಬುಡದಂತೆ ನೆಟ್ಟೆವು. ನೀರು ನಿಲ್ಲಿಸಿದ್ದಕ್ಕೆ ಅಪಾರ್ಟ್‌ಮೆಂಟಿನಲ್ಲಿ ತಕರಾರು ಬಂತು: ಸೊಳ್ಳೆ, ಡೆಂಗಿ. ಅವರು ಹೇಳಿದ್ದೂ ಸರಿಯೇ. ವಾರಕ್ಕೆ ಎರಡು ಸಲ ನೀರು ಪೂರ್ತಿ ಬಸಿದು ಹೊಸದು ಹಾಕುವುದು ಮಗಳ ಡ್ಯೂಟಿ ಆಯಿತು. ಆಗಸ್ಟಿನಲ್ಲಿ ತೆನೆ ಹೊರಗೆ ಬಂತು. ಅದರ ಹಿಂದೆಯೇ ಪುಟ್ಟ ಹಕ್ಕಿಗಳೂ ಬಂದವು. ಹಳೆಯ ಸೊಳ್ಳೆಪರದೆ ಕತ್ತರಿಸಿ ಮುಚ್ಚಿದೆವು. ಕೊನೆಗೆ ಕೈಗೆ ಬಂದದ್ದು ಹತ್ತೊಂಬತ್ತು ತೆನೆ. ಅರ್ಧಕ್ಕರ್ಧ ಜೊಳ್ಳು. ಆದರೂ ಹತ್ತೊಂಬತ್ತು.

ಹಬ್ಬದ ದಿನ ಬೆಳಿಗ್ಗೆ ಆರೂವರೆಯ ಪೂಜೆಗೆ ಮಗಳು ಅದರಲ್ಲಿ ಹತ್ತನ್ನು ಬಾಳೆನಾರಿನಲ್ಲಿ ಕಟ್ಟಿ ಒಯ್ದಳು. ಚರ್ಚಿನವರು ತರಿಸಿದ ತೆನೆಯ ಕಟ್ಟುಗಳ ಜೊತೆ ಅದನ್ನೂ ಇಟ್ಟರು. ಫಾದರ್ ಪ್ರಾರ್ಥನೆ ಹೇಳಿ ತೀರ್ಥ ಚಿಮುಕಿಸಿದಾಗ ಮಗ ನನ್ನ ಸೆರಗು ಎಳೆದು "ನಮ್ಮದಕ್ಕೆ ಬಿತ್ತಾ?" ಎಂದ. ಪೂಜೆ ಮುಗಿದ ಮೇಲೆ ಮನೆಗೊಂದು ತೆನೆ, ಮಕ್ಕಳಿಗೆ ಕಬ್ಬು. ಅದೇ ದಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಕಾವಿ ಬಟ್ಟೆ ಉಟ್ಟ ಜನಸಾಗರ, ಸಂಜೆ ತೇರು. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಆ ನೂಕುನುಗ್ಗಲಿನಲ್ಲಿ ಚಿಕ್ಕವನಿಗೆ ಕಂಡದ್ದು ಬರೀ ಜನರ ಸೊಂಟ. ಅವನು ಎತ್ತರ ಆದ ಮೇಲೆ ಮತ್ತೆ ಹೋಗುತ್ತೇವೆ.

ಶಾಲೆಗೆ ರಜೆ ಇರಲಿಲ್ಲ, ಹಾಗಾಗಿ ಮನೆಯ ಊಟ ರಾತ್ರಿಗೆ. ಮನೆಯ ಆಲ್ತಾರಿನ (ದೇವರ ಪೀಠದ) ಮುಂದೆ ಮೇಣದಬತ್ತಿ ಹಚ್ಚಿ, ತೆನೆಯಿಂದ ಒಂಬತ್ತು ಕಾಳು ಬಿಡಿಸಿದೆವು. ಒಂಬತ್ತು ಅನ್ನುವುದು ನನ್ನ ಅಪ್ಪನ ಲೆಕ್ಕ, ದಿನಕ್ಕೊಂದು. ಬೇರೆ ಮನೆಗಳಲ್ಲಿ ಬೇರೆ ಇರಬಹುದು. ಹಸಿ ಭತ್ತದ ಸಿಪ್ಪೆ ಉಗುರಿಗೆ ಸುಲಭವಾಗಿ ಬರುವುದಿಲ್ಲ. ಮಗ ಒಂದು ಕಾಳಿಗೆ ಐದು ನಿಮಿಷ ಕೂತ. ಹಲ್ಲಿನಲ್ಲಿ ಕಚ್ಚಲು ಹೋದವನನ್ನು ಅಕ್ಕ ಗದರಿದಳು. ಸುಲಿದ ಅಕ್ಕಿ ಅಂಗೈ ಮೇಲೆ ಇಷ್ಟೇ ಇಷ್ಟು, ಅರ್ಧ ಹಸಿರು, ಅರ್ಧ ಕೆಂಪು. ಕುಟ್ಟಾಣಿಯಲ್ಲಿ ಕುಟ್ಟಿ, ತೆಂಗಿನ ಹಾಲು ಬೆಲ್ಲಕ್ಕೆ ಬೆರೆಸಿದೆವು.

ಅದನ್ನು ಹಿರಿಯರಿಂದ ಶುರುಮಾಡಿ ವಯಸ್ಸಿನ ಪ್ರಕಾರ ಕುಡಿಯಬೇಕು. ಹಿರಿಯರು ಇರುವುದು ಊರಿನಲ್ಲಿ. ವಿಡಿಯೋ ಕಾಲ್ ಹಚ್ಚಿದೆವು. ಅಮ್ಮ ಅಲ್ಲಿ ಅವರ ಲೋಟದಿಂದ ಒಂದು ಗುಟುಕು ಕುಡಿದು "ಹ್ಞಾಂ, ಈಗ ನೀವು" ಎನ್ನುವವರೆಗೆ ಇಲ್ಲಿ ಯಾರೂ ಚಮಚ ಮುಟ್ಟಲಿಲ್ಲ. ಎರಡು ಕಾಳನ್ನು ಕುವೈತಿನಲ್ಲಿರುವ ತಮ್ಮನಿಗೆ ಅಂತ ಲಕೋಟೆಯಲ್ಲಿಟ್ಟೆ. ಹೊರದೇಶದಲ್ಲಿರುವವರಿಗೆ ಹೀಗೆ ಕಳಿಸುವುದು ನಮ್ಮ ಕಡೆ ಮೊದಲಿನಿಂದ ಇದೆ.

ಊಟ ಬಾಳೆಲೆಯಲ್ಲಿ, ಪೂರ್ತಿ ಸಸ್ಯಾಹಾರ. ಪಲ್ಯಗಳು ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯಲ್ಲಿರಬೇಕು. ನಾನು ಐದಕ್ಕೆ ನಿಲ್ಲಿಸುತ್ತೇನೆ: ಅಲಸಂಡೆ, ಬೆಂಡೆ, ಹೀರೆಕಾಯಿ, ಹಾಗಲ, ಕೆಸುವಿನ ದಂಟಿಗೆ ಅಮಟೆಕಾಯಿ ಹಾಕಿದ್ದು. ಕೊನೆಗೆ ಕಡಲೆಬೇಳೆಯ ಪಾಯಸ, ನಮ್ಮ ವೊರ್ನ್. ಹಬ್ಬ ಅಂದರೆ ಸಾನ್ನಾಂ (ಇಡ್ಲಿಯಂಥ ತಿಂಡಿ) ಮತ್ತು ಹಂದಿ ಮಾಂಸ ಅಂತ ತಿಳಿದ ಮಗನಿಗೆ ಮೊದಲ ವರ್ಷ ಇದು ಮೋಸ ಅನ್ನಿಸಿತು. "ಬರ್ತ್‌ಡೇಗೆ ಹಾಗಲಕಾಯಾ?" ಎಂದ. ಅದಕ್ಕೂ ಹಿಂದೆ ಒಂದು ವರ್ಷ ನಾನು ನೀಲಿ ಕ್ರೀಮಿನ ಕೇಕ್ ತರಿಸಿ, ಮರಿಯಮ್ಮನ ಹೆಸರು ಬರೆಸಿ, ಹಾಡು ಹಾಡಿಸಿದ್ದೂ ಇದೆ. ಈಗ ಕೇಳಿದರೆ ಇಬ್ಬರಿಗೂ ನೆನಪಿರುವುದು ನಾಲಿಗೆ ನೀಲಿಯಾದದ್ದು ಮಾತ್ರ. ಕೇಕ್ ತಪ್ಪು ಅಂತ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಅದು ಮತ್ತೆ ಬರಲಿಲ್ಲ, ಅಷ್ಟೇ.

ಎಲೆ ಒರೆಸುವುದು, ಉಪ್ಪು ಬಡಿಸುವುದು ಮಗನ ಕೆಲಸ. ನೀರು, ಉಪ್ಪಿನಕಾಯಿ ಮಗಳದು. ಹೂವು ಕೊಟ್ಟ ಕೆಳಗಿನ ಮನೆಯ ಆಂಟಿಯನ್ನು ಊಟಕ್ಕೆ ಕರೆದಿದ್ದೆವು. ಮೀನು ಮಾಂಸ ಇಲ್ಲದ ನಮ್ಮ ಒಂದೇ ಹಬ್ಬ, ಅವರನ್ನು ಧೈರ್ಯವಾಗಿ ಕರೆಯಬಹುದು. ಬಂದರು, ವೊರ್ನ್ ಎರಡು ಸಲ ಹಾಕಿಸಿಕೊಂಡರು. ಮಗ ಅವರ ಎಲೆಗೆ ಉಪ್ಪನ್ನು ಮುಷ್ಟಿ ತುಂಬ ಬಡಿಸಿದ್ದ.

ಉಳಿದ ತೆನೆಯನ್ನು ಮಗಳು ಒಣಗಿಸಿ, ಗಟ್ಟಿ ಕಾಳು ಆರಿಸಿ, ಒಂದು ಖಾಲಿ ಮಾತ್ರೆ ಡಬ್ಬಿಗೆ ತುಂಬಿದ್ದಾಳೆ. ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದಿದ್ದಾಳೆ: ಮೇ 10. ಅದರ ಕೆಳಗೆ ಮಗನ ಓರೆ ಅಕ್ಷರ: ಮೂರು ಬಕೆಟ್.