ತಿರುಗಾಟದಲ್ಲಿ ಕೊಂಡ ಹರಳಿನಿಂದ ಸಣ್ಣ ಒಡವೆ ವ್ಯಾಪಾರ: ಶುರುಮಾಡುವುದು ಹೇಗೆ?

ಜೈಪುರ ನೋಡಿ ಬಂದವರ ಚೀಲದಲ್ಲಿ ಒಂದು ಹರಳಿನ ಪೊಟ್ಟಣ ಇದ್ದೇ ಇರುತ್ತದೆ. ಎರಡು ನೇರಳೆ, ಒಂದು ಹಸಿರು, ಬಣ್ಣ ಚೆನ್ನಾಗಿದೆ ಅಂತ ತಂದ ಇನ್ನೊಂದಿಷ್ಟು. ನೆಂಟರು ನೋಡಿ ಹೊಗಳುತ್ತಾರೆ. ‘ಇದನ್ನೇ ವ್ಯಾಪಾರ ಮಾಡಿದರೆ ಹೇಗೆ?’ ಎಂಬ ಯೋಚನೆ ಬರುತ್ತದೆ. ಕಲಬುರಗಿ, ಬೀದರ್ ಕಡೆ ಹೀಗೆ ಶುರುಮಾಡಿ ಕೈಬಿಟ್ಟವರನ್ನು ಸಾಕಷ್ಟು ನೋಡಿದ್ದೇನೆ. ಅವರಿಗೆ ಗಿರಾಕಿ ಸಿಗಲಿಲ್ಲ ಅಂತಲ್ಲ. ಒಡವೆ ಮಾಡಲು ಬಾರದ ಹರಳನ್ನು ಕೊಂಡು ತಂದಿದ್ದರು, ಹಣ ಅದರಲ್ಲೇ ಸಿಕ್ಕಿಕೊಂಡಿತು. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಕೊಳ್ಳುವುದರ ಬಗ್ಗೆಯೇ ಇದೆ.

ಮೊದಲ ಹಂತ: ಎರಡು ಊರು, ನಾಲ್ಕು ಹರಳು

ತಿರುಗುವ ಹುಚ್ಚು ಇದ್ದವರಿಗೆ ಎಲ್ಲ ಊರಿನದೂ ಬೇಕು. ವ್ಯಾಪಾರಕ್ಕೆ ಮೊದಲ ವರ್ಷ ಎರಡು ಊರು ಸಾಕು. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿ.ಮೀ., ಕಲಬುರಗಿಯಿಂದ ಸುಮಾರು 220 ಕಿ.ಮೀ. ಚಾರ್‌ಮಿನಾರ್ ಪಕ್ಕದ ಪತ್ತರ್‌ಗಟ್ಟಿಯಲ್ಲಿ ಮುತ್ತಿನ ಅಂಗಡಿಗಳು ಸಾಲಾಗಿವೆ. ಅಲ್ಲಿ ಮಾರುವ ಮುತ್ತಿನಲ್ಲಿ ಬಹುಪಾಲು ಚೀನಾದ ಸಿಹಿನೀರಿನದು. ಅದಕ್ಕೆ ತೂತು ಕೊರೆಯುವುದು, ಸರ ಪೋಣಿಸುವುದು ಹೈದರಾಬಾದಿನ ಕಸುಬು. ಇದನ್ನು ತಿಳಿದು ಕೊಂಡರೆ ಮುಂದೆ ಗಿರಾಕಿಗೆ ಸುಳ್ಳು ಹೇಳುವ ಪ್ರಸಂಗ ಬರುವುದಿಲ್ಲ.

ಬಣ್ಣದ ಹರಳಿಗೆ ಜೈಪುರದ ಜೋಹರಿ ಬಜಾರ್. ಅಕೀಕ್ (ಅಗೇಟ್ ಕಲ್ಲು) ಮಣಿಗೆ ಗುಜರಾತಿನ ಖಂಭಾತ್. ಇವೆರಡರಲ್ಲಿ ಒಂದನ್ನು ಹೈದರಾಬಾದಿನ ಜೊತೆಗೆ ಇಟ್ಟುಕೊಳ್ಳಿ.

ಹರಳು ಯಾವುದು? ನೇರಳೆ ಬಣ್ಣದ ಅಮೆಥಿಸ್ಟ್, ಹಳದಿ ಸಿಟ್ರಿನ್, ಅಕೀಕ್, ಕೆಂಪು ಗಾರ್ನೆಟ್. ಈ ನಾಲ್ಕರಿಂದ ಶುರುಮಾಡಿ. ಮಾಣಿಕ್ಯ, ಪಚ್ಚೆ, ನೀಲ ಮೊದಲ ವರ್ಷ ಬೇಡವೇ ಬೇಡ. ಅವುಗಳ ಮೋಸ ಹಿಡಿಯಲು ಕಲಿತ ಕಣ್ಣು ಬೇಕು, ಬೆಲೆಯೂ ಜಾಸ್ತಿ.

ಇನ್ನೊಂದು ಕಾರಣ ಗಟ್ಟಿತನ. ಹರಳಿನ ಗಟ್ಟಿತನವನ್ನು ಮೋಸ್ ಅಳತೆಯಲ್ಲಿ 1ರಿಂದ 10ರವರೆಗೆ ಹೇಳುತ್ತಾರೆ. ವಜ್ರ 10. ಅಮೆಥಿಸ್ಟ್, ಸಿಟ್ರಿನ್ 7. ಅಕೀಕ್ ಹೆಚ್ಚುಕಡಿಮೆ ಅಷ್ಟೇ. ಫಿರೋಜಾ ಎಂಬ ನೀಲಿ ಕಲ್ಲು 5ರಿಂದ 6, ಮುತ್ತು, ಹವಳ 4ರ ಆಸುಪಾಸು. ಗಾಳಿಯ ಧೂಳಿನಲ್ಲಿ 7ರ ಗಟ್ಟಿತನದ ಮರಳಿನ ಕಣ ಇರುತ್ತದೆ. ನಮ್ಮ ಕಡೆ ಧೂಳು ಎಷ್ಟೆಂದು ಗೊತ್ತಲ್ವಾ? ಮೆತ್ತಗಿನ ಹರಳಿನ ಉಂಗುರವನ್ನು ದಿನಾ ಹಾಕಿಕೊಂಡು ಒರೆಸುತ್ತಿದ್ದರೆ ಹೊಳಪು ಹೋಗಿಬಿಡುತ್ತದೆ. ಉಂಗುರಕ್ಕೆ 7ಕ್ಕಿಂತ ಕಡಿಮೆ ಇರುವ ಹರಳು ಹಾಕಲೇಬೇಡಿ. ಮುತ್ತು, ಫಿರೋಜಾ, ಮೂನ್‌ಸ್ಟೋನ್ ಇವೆಲ್ಲ ಓಲೆಗೂ ಪದಕಕ್ಕೂ ಇರಲಿ.

ಶ್ರೀಲಂಕಾ, ಥಾಯ್ಲೆಂಡ್ ಕಡೆಯಿಂದ ಮಾರಲೆಂದೇ ಹರಳು ತರುವವರಿಗೆ ಒಂದು ಮಾತು: ವ್ಯಾಪಾರದ ಸರಕು ಪ್ರಯಾಣಿಕರ ಸಾಮಾನಿನ ರಿಯಾಯಿತಿಯಲ್ಲಿ ಬರುವುದಿಲ್ಲ. ಆಮದು-ರಫ್ತು ಸಂಕೇತ ಸಂಖ್ಯೆ (ಐಇಸಿ) ಮಾಡಿಸಿಕೊಳ್ಳುವ ತನಕ ಆ ಕೆಲಸಕ್ಕೆ ಹೋಗಬೇಡಿ.

ಎರಡನೇ ಹಂತ: ಪಟ್ಟಿ ಬರೆದುಕೊಂಡು ಹೊರಡುವುದು

ಅಂಗಡಿಯಲ್ಲಿ ಕುಳಿತು ‘ಇದು ಚಂದ, ಅದೂ ಚಂದ’ ಅಂತ ಆರಿಸಿದರೆ ಕೆಲಸ ಕೆಟ್ಟಿತು. ಒಂಟಿ ಹರಳಿನಿಂದ ಓಲೆ ಆಗುವುದಿಲ್ಲ. ಬೇರೆ ಬೇರೆ ಅಳತೆಯ ಹತ್ತು ಹರಳು ತಂದರೆ ಪತ್ತಾರರು ಹತ್ತಕ್ಕೂ ಬೇರೆ ಬೇರೆ ಕಟ್ಟು ಮಾಡಬೇಕು. ಮಜೂರಿ ಏರುತ್ತದೆ.

ಆದ್ದರಿಂದ ಅಳತೆಗೆ ಕತ್ತರಿಸಿದ ಹರಳನ್ನೇ ಕೇಳಿ. 8x6 ಮಿ.ಮೀ. ಅಂಡಾಕಾರ, 6 ಮಿ.ಮೀ. ದುಂಡು, 10x8 ಮಿ.ಮೀ. ಅಂಡಾಕಾರ. ಈ ಮೂರು ಅಳತೆಯಿಂದ ಓಲೆ, ಉಂಗುರ, ಪದಕ ಎಲ್ಲವೂ ಆಗುತ್ತವೆ. ಹರಳಿನ ಅಳತೆ ತೋರಿಸುವ ಸಣ್ಣ ಡಿಜಿಟಲ್ ಕ್ಯಾಲಿಪರ್ ಜೇಬಿನಲ್ಲಿರಲಿ. ಚೀಟಿಯ ಮೇಲೆ 8x6 ಅಂತ ಬರೆದ ಪೊಟ್ಟಣದಲ್ಲಿ 7.6 ಮಿ.ಮೀ. ಹರಳೂ ಇರುತ್ತದೆ. ಒಂದೊಂದನ್ನೂ ಅಳೆದು ನೋಡಿ, ಅಂಗಡಿಯವರು ಬೇಸರ ಮಾಡಿಕೊಂಡರೂ ಸರಿ.

ಜೋಡಿ ಮಾಡುವಾಗ ಬಣ್ಣವನ್ನು ಅಂಗಡಿಯ ದೀಪದಲ್ಲಿ ನೋಡಬಾರದು. ಬಿಳಿ ಕಾಗದದ ಮೇಲೆ ಹರಳಿಟ್ಟು ಬಾಗಿಲ ಹತ್ತಿರ, ನೆರಳಿನ ಹಗಲು ಬೆಳಕಿನಲ್ಲಿ ನೋಡಬೇಕು. ಹಳದಿ ದೀಪದಡಿ ಗಾರ್ನೆಟ್ ಎಲ್ಲವೂ ಒಂದೇ ಕೆಂಪು. ಹೊರಗೆ ತಂದರೆ ಒಂದು ದಾಳಿಂಬೆ ಬಣ್ಣ, ಇನ್ನೊಂದು ಕಂದು.

ತೂಕದ ಲೆಕ್ಕದಲ್ಲೂ ಹುಷಾರು. 1 ಕ್ಯಾರೆಟ್ ಅಂದರೆ 200 ಮಿಲಿಗ್ರಾಂ, ಅದು ಎಲ್ಲ ಕಡೆ ಒಂದೇ. ರತ್ತಿ ಹಾಗಲ್ಲ. ಹಳೆಯ ಲೆಕ್ಕದ ರತ್ತಿ ಸುಮಾರು 121 ಮಿಲಿಗ್ರಾಂ, ಹರಳಿನ ಪೇಟೆಯ ರತ್ತಿ ಸುಮಾರು 182. ರತ್ತಿಗೆ ಇಷ್ಟು ಅಂತ ಹೇಳಿದರೆ ‘ಕ್ಯಾರೆಟ್‌ಗೆ ಎಷ್ಟು ಹೇಳಿ’ ಅನ್ನಿ.

ಮೂರನೇ ಹಂತ: ಪರೀಕ್ಷೆ

ಬಹಳ ಜನ ಸೋಲುವುದು ಇಲ್ಲೇ. ‘ಅಂಗಡಿಯವರು ಒಳ್ಳೆಯವರು, ಚಹಾ ಕೊಟ್ಟು ಕೂರಿಸಿದರು’ ಎನ್ನುವುದು ಪರೀಕ್ಷೆ ಅಲ್ಲ. ಬೇಕಾದ ಸಾಮಾನು ಕಡಿಮೆ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಸಣ್ಣ ಟಾರ್ಚ್, 0.01 ಗ್ರಾಂ ತೋರಿಸುವ ತಕ್ಕಡಿ, ಹತ್ತಿ, ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್. ಮೂವತ್ತು ಪಟ್ಟು, ಅರವತ್ತು ಪಟ್ಟು ಅಂತ ಬರೆದ ಅಗ್ಗದ ಲೂಪ್ ಆನ್‌ಲೈನಿನಲ್ಲಿ ಸಿಗುತ್ತವೆ. ಅವುಗಳಲ್ಲಿ ಅಂಚು ಮಸುಕು, ಹಣ ದಂಡ. ಹತ್ತು ಪಟ್ಟಿನದೇ ಒಳ್ಳೆಯದನ್ನು ಕೊಳ್ಳಿ.

ಮೊದಲು ಲೂಪ್. ಅದನ್ನು ಕಣ್ಣಿಗೆ ಪೂರ್ತಿ ಹತ್ತಿರ ಹಿಡಿದು, ಹರಳನ್ನೇ ಮುಂದೆ ಹಿಂದೆ ಸರಿಸಬೇಕು. ಬಹಳ ಜನ ಲೂಪನ್ನು ದೂರ ಹಿಡಿಯುತ್ತಾರೆ, ಏನೂ ಕಾಣುವುದಿಲ್ಲ. ಟಾರ್ಚನ್ನು ಪಕ್ಕದಿಂದ ಬಿಡಿ. ಒಳಗೆ ದುಂಡಗಿನ ಗಾಳಿಗುಳ್ಳೆ ಕಂಡರೆ ಅದು ಗಾಜು ಎಂಬ ಅನುಮಾನ ಗಟ್ಟಿ. ಹೊಳೆಯುವ ಚುಕ್ಕಿಗಳಿರುವ ಕಂದು ‘ಗೋಲ್ಡ್‌ಸ್ಟೋನ್’ ತಾಮ್ರದ ಕಣ ಸೇರಿಸಿದ ಗಾಜು. ಹಾಲಿನಂತೆ ನೀಲಿ ಹೊಳೆಯುವ ‘ಓಪಲೈಟ್’ ಕೂಡ ಗಾಜು. ಎರಡನ್ನೂ ಕಲ್ಲು ಅಂತಲೇ ಮಾರುವುದನ್ನು ನೋಡಿದ್ದೇನೆ.

ಆಮೇಲೆ ಹತ್ತಿ. ಅಸಿಟೋನಿನಲ್ಲಿ ಅದ್ದಿ, ಹರಳಿನ ಹಿಂಬದಿಯಲ್ಲಿ ಅಥವಾ ಮಣಿಯ ತೂತಿನ ಹತ್ತಿರ ಉಜ್ಜಿ. ಹತ್ತಿಗೆ ನೀಲಿ ಬಂದರೆ ಅದು ಬಣ್ಣ ಹಾಕಿದ ಮಾಲು. ಹೌಲೈಟ್ ಎಂಬ ಬಿಳಿ ಕಲ್ಲಿಗೆ ಬಣ್ಣ ಹಾಕಿ ಫಿರೋಜಾ ಅಂತ ಮಾರುವುದು ಬಹಳ. ಮುತ್ತಿನ ಮೇಲೆ ಮಾತ್ರ ಅಸಿಟೋನ್ ಹಾಕಬೇಡಿ. ಮುತ್ತಿಗೆ ಬೇರೆ ದಾರಿ ಇದೆ. ಎರಡು ಮುತ್ತನ್ನು ಮೆಲ್ಲಗೆ ಒಂದಕ್ಕೊಂದು ಉಜ್ಜಿದರೆ ಸಣ್ಣ ಮರಳಿನಂತೆ ತಾಗಬೇಕು. ನುಣ್ಣಗೆ ಜಾರಿದರೆ ಪ್ಲಾಸ್ಟಿಕ್ ಅಥವಾ ಗಾಜು.

ಹತ್ತಿಗೆ ಬಣ್ಣ ಬರಲಿಲ್ಲ ಅಂದಮಾತ್ರಕ್ಕೆ ಬಣ್ಣ ಹಾಕಿಲ್ಲ ಅಂತಲ್ಲ. ಅಕೀಕಿಗೆ ಹಾಕಿದ ಬಣ್ಣ ಗಟ್ಟಿ ಕೂತಿರುತ್ತದೆ. ಕಣ್ಣು ಕುಕ್ಕುವ ಗುಲಾಬಿ, ಗಾಢ ನೀಲಿ ಅಕೀಕ್ ಬಣ್ಣ ಹಾಕಿದ್ದೇ ಅಂತ ತಿಳಿಯಿರಿ. ಕೊಳ್ಳಬಾರದು ಅಂತ ಹೇಳುತ್ತಿಲ್ಲ. ಬಣ್ಣ ಹಾಕಿದ ಕಲ್ಲಿನ ಬೆಲೆಗೆ ಕೊಂಡು, ಬಣ್ಣ ಹಾಕಿದ್ದು ಅಂತಲೇ ಮಾರಿ. ಖಂಭಾತಿನಲ್ಲಿ ಅಕೀಕನ್ನು ಮಡಕೆಯಲ್ಲಿಟ್ಟು ಬಿಸಿ ಮಾಡುವ ಪದ್ಧತಿ ಬಹಳ ಹಳೆಯದು. ಒಳಗಿನ ಕಬ್ಬಿಣದ ಅಂಶ ಕೆಂಪಾಗಿ ಕಾರ್ನೇಲಿಯನ್ ಎಂಬ ಹರಳಾಗುತ್ತದೆ. ಅದು ಮೋಸವಲ್ಲ, ಕೇಳಿದವರಿಗೆ ಹೇಳಿಬಿಡಿ.

ಮೂರನೆಯದು ನೀರಿನ ತೂಕ. ಇದನ್ನು ಕೋಣೆಯಲ್ಲಿ ಕುಳಿತು ಮಾಡಬಹುದು, ಕಲಿತರೆ ಅರ್ಧ ಮೋಸ ತಪ್ಪುತ್ತದೆ. ಹರಳನ್ನು ಒಣಗಿದ್ದಾಗಲೇ ತೂಗಿ ಬರೆದುಕೊಳ್ಳಿ. ತಕ್ಕಡಿಯ ಮೇಲೆ ಸಣ್ಣ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿ. ಹರಳಿಗೆ ತೆಳು ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಳಕ್ಕೂ ಬದಿಗೂ ತಾಗಬಾರದು, ಮೈಗೆ ಗಾಳಿಗುಳ್ಳೆ ಅಂಟಿರಬಾರದು. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ.

ಹಳದಿ ಹರಳನ್ನೇ ತೆಗೆದುಕೊಳ್ಳಿ. ‘ಪುಷ್ಯರಾಗ’ ಅಂತ ಕೊಟ್ಟರು. ಒಣ ತೂಕ 1.06 ಗ್ರಾಂ, ನೀರಿನಲ್ಲಿ 0.40. ಭಾಗಿಸಿದರೆ 2.65. ಇದು ಸಿಟ್ರಿನ್ ಇರಬಹುದು, ಪುಷ್ಯರಾಗವಂತೂ ಅಲ್ಲ. ಪುಷ್ಯರಾಗ, ಅಂದರೆ ಹಳದಿ ಸಫೈರ್, ಸುಮಾರು 4 ಬರಬೇಕು. ಟೋಪಾಜ್ ಆದರೆ ಸುಮಾರು 3.5. ಹರಳು ತೀರ ಸಣ್ಣದಿದ್ದರೆ ಈ ಲೆಕ್ಕ ತಪ್ಪುತ್ತದೆ, ಕನಿಷ್ಠ 1 ಗ್ರಾಂ ಇರಲಿ. ಫಿರೋಜಾದಂಥ ನೀರು ಹೀರುವ ಕಲ್ಲಿಗೆ ಈ ಪರೀಕ್ಷೆ ಬೇಡ.

ಪ್ರಯೋಗಾಲಯದಲ್ಲಿ ಬೆಳೆಸಿದ ಹರಳಿನ ಅಂಕಿ ಗಣಿಯದರಷ್ಟೇ ಬರುತ್ತದೆ. ಬೆಳೆಸಿದ ಅಮೆಥಿಸ್ಟನ್ನು ಮನೆಯಲ್ಲಿ ಗುರುತಿಸಲು ಆಗುವುದಿಲ್ಲ. ಬೆಲೆಬಾಳುವ ಹರಳಾದರೆ ಪ್ರಯೋಗಾಲಯದ ವರದಿ ಮಾಡಿಸಿ, ಜೈಪುರದಲ್ಲೇ ಅದಕ್ಕೆ ವ್ಯವಸ್ಥೆ ಇದೆ. ಅಂಗಡಿಯವರೇ ಅಚ್ಚು ಹಾಕಿಸಿ ಕೊಡುವ ಪ್ಲಾಸ್ಟಿಕ್ ಕಾರ್ಡ್ ವರದಿ ಅಲ್ಲ. ವರದಿಯ ಸಂಖ್ಯೆಯನ್ನು ಆ ಪ್ರಯೋಗಾಲಯದ ವೆಬ್‌ಸೈಟಿನಲ್ಲಿ ಹಾಕಿ ನೋಡಿ.

ನಾಲ್ಕನೇ ಹಂತ: ಪತ್ತಾರರ ಹತ್ತಿರ

ಚಿನ್ನಕ್ಕೆ ಈಗಲೇ ಕೈ ಹಾಕಬೇಡಿ. 925 ಬೆಳ್ಳಿಯಲ್ಲಿ ಮಾಡಿಸಿ, ಅಂದರೆ 92.5 ಭಾಗ ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ‘ಜರ್ಮನ್ ಸಿಲ್ವರ್’ನಲ್ಲಿ ಬೆಳ್ಳಿ ಇರುವುದೇ ಇಲ್ಲ. ತಾಮ್ರ, ನಿಕ್ಕಲ್, ಸತು ಅಷ್ಟೇ. ನಿಕ್ಕಲ್ ಕೆಲವರ ಕಿವಿಗೆ ತುರಿಕೆ ತರುತ್ತದೆ. ಒಳ್ಳೆಯ ಹರಳನ್ನು ಅದರಲ್ಲಿ ಕೂರಿಸಬೇಡಿ.

ನಮ್ಮ ಕಡೆಯ ಅನುಭವಿ ಪತ್ತಾರರು ಹರಳು ಕೈಗೆ ತೆಗೆದುಕೊಂಡ ಕೂಡಲೇ ಕೇಳುವ ಮಾತು, ‘ಅಕ್ಕೋರೇ, ಇದು ಬೆಂಕಿ ತಡಿತದೇನ್ರಿ?’ ಈ ಪ್ರಶ್ನೆಗೆ ಉತ್ತರ ನಿಮ್ಮ ಹತ್ತಿರ ಇರಬೇಕು. ಬೆಸುಗೆ ಎಲ್ಲ ಮುಗಿದ ಮೇಲೇ ಹರಳು ಕೂರಬೇಕು. ಮುಂದೆ ರಿಪೇರಿಗೆ ಬಂದಾಗಲೂ ಹರಳು ಬಿಚ್ಚಿಯೇ ಬೆಂಕಿ ತೋರಿಸಬೇಕು. ಬಿರುಕಿಗೆ ಸೀಸದ ಗಾಜು ತುಂಬಿದ ಮಾಣಿಕ್ಯ ಪೇಟೆಯಲ್ಲಿ ಬಹಳ ಇದೆ. ಬೆಂಕಿಗೂ ಆಮ್ಲಕ್ಕೂ ಆ ಗಾಜು ಹಾಳಾಗುತ್ತದೆ. ನಿಂಬೆರಸ ಸಾಕು ಅದನ್ನು ತಿನ್ನಲು. ಆಗ ಗಿರಾಕಿ ಪತ್ತಾರರನ್ನೇ ಬೈಯುತ್ತಾರೆ.

ತಕ್ಷಣ ಅಂಟುವ ಗೋಂದಿನಿಂದ ಹರಳು ಕೂರಿಸಲು ಬಿಡಬೇಡಿ. ಸುತ್ತ ಬಿಳಿ ಮಸುಕು ಬರುತ್ತದೆ, ಸ್ವಲ್ಪ ದಿನಕ್ಕೆ ಬಿಟ್ಟುಕೊಳ್ಳುತ್ತದೆ. ಬೆಳ್ಳಿ ಪಟ್ಟಿಯನ್ನು ಹರಳಿನ ಸುತ್ತ ಮಡಚಿ ಹಿಡಿಸುವ ಕಟ್ಟು ನನಗೆ ಎಲ್ಲಕ್ಕಿಂತ ಇಷ್ಟ. ಸೀರೆಗೂ ಕೂದಲಿಗೂ ಸಿಕ್ಕಿಕೊಳ್ಳುವುದಿಲ್ಲ, ಹರಳಿನ ಅಂಚೂ ಕಾಪಾಡುತ್ತದೆ.

ಬೀದರಿನವರಿಗೆ ಇನ್ನೊಂದು ದಾರಿ ಇದೆ. ಬಿದ್ರಿ ತಗಡಿನ ಮೇಲೆ ಹರಳು ಬೆಸೆಯಲು ಹೋಗಿ ಕೆಲವರು ತಗಡನ್ನೇ ಕೆಡಿಸಿದ್ದಾರೆ. ಬಿದ್ರಿಯಲ್ಲಿ ಹೆಚ್ಚಿನ ಪಾಲು ಸತು, ಸತು 419 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಬೆಳ್ಳಿ ಬೆಸುಗೆಗೆ ಅದಕ್ಕಿಂತ ಬಹಳ ಹೆಚ್ಚು ಶಾಖ ಬೇಕು. ಆದ್ದರಿಂದ ಬಿದ್ರಿ ಬಿಲ್ಲೆಯನ್ನೇ ಹರಳೆಂದು ತಿಳಿದು ಬೆಳ್ಳಿ ಕಟ್ಟಿನಲ್ಲಿ ತಣ್ಣಗೆ ಕೂರಿಸಿ, ಕೆಳಗೆ ಒಂದು ಗಾರ್ನೆಟ್ ತೂಗುಬಿಡಿ. ಬೀದರ್ ಕೋಟೆಯ ಮಣ್ಣಿನಿಂದ ಬಂದ ಬಿದ್ರಿಯ ಆ ಕಪ್ಪಿನ ಪಕ್ಕ ಕೆಂಪು ಎದ್ದು ಕಾಣುತ್ತದೆ. ಇಂಥ ಪದಕವನ್ನು ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಬಾರದು, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಐದನೇ ಹಂತ: ಬೆಲೆ

ಹರಳು, ಬೆಳ್ಳಿ, ಮಜೂರಿ, ಡಬ್ಬಿ ಎಲ್ಲ ಕೂಡಿಸುವುದು ಸುಲಭ. ತಪ್ಪುವುದು ಹರಳಿನ ಲೆಕ್ಕದಲ್ಲಿ. 50 ಹರಳಿಗೆ 5,000 ರೂಪಾಯಿ ಕೊಟ್ಟಿರಿ ಅಂದುಕೊಳ್ಳಿ. ಜೋಡಿ ಸಿಗದ್ದು, ಅಂಚು ಮುರಿದದ್ದು ಬಿಟ್ಟು 40 ಮಾತ್ರ ಬಳಕೆಗೆ ಬಂದರೆ ಒಂದರ ಬೆಲೆ 100 ಅಲ್ಲ, 125. ಪ್ರವಾಸದ ಖರ್ಚಿನಲ್ಲಿ ಹರಳು ಕೊಳ್ಳಲೆಂದು ತಂಗಿದ ದಿನದ್ದನ್ನು ಮಾತ್ರ ಸೇರಿಸಿ. ಅಮೇರ್ ಕೋಟೆ ನೋಡಿದ ಖರ್ಚು ನಿಮ್ಮದು. ಬೆಳ್ಳಿ ದರ ದಿನಾ ಬದಲಾಗುತ್ತದೆ, ಹಾಗಾಗಿ ಒಡವೆ ಮಾಡಿಸಿದ ದಿನದ ದರವನ್ನು ಪುಸ್ತಕದಲ್ಲಿ ಬರೆದಿಡಿ.

ಆರನೇ ಹಂತ: ಕಾಗದಪತ್ರ

ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಪುಕ್ಕಟೆ. ಇದಕ್ಕೆ ಸಾವಿರಾರು ರೂಪಾಯಿ ಕೇಳುವ ಏಜೆಂಟರಿಗೆ ಕೊಡಬೇಡಿ. ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿವರೆಗೆ ಇದೆ, ಮೊದಲ ಸರಕಿಗೆ ಅಷ್ಟು ಸಾಕು.

ಒಡವೆಗೆ ಜಿಎಸ್‌ಟಿ 3 ಪ್ರತಿಶತ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ನೋಂದಣಿ ಬೇಡ ಎನ್ನುವುದನ್ನು ಎಲ್ಲರೂ ಕೇಳಿರುತ್ತಾರೆ. ಆದರೆ ಅದು ರಾಜ್ಯದ ಒಳಗೆ ಮಾರುವವರಿಗೆ. ನಮಗೆ ಬೆಂಗಳೂರಿಗಿಂತ ಹೈದರಾಬಾದ್, ಸೊಲ್ಲಾಪುರ ಹತ್ತಿರ. ಗಿರಾಕಿಗಳೂ ಅಲ್ಲೇ ಸಿಗುತ್ತಾರೆ. ಬೇರೆ ರಾಜ್ಯಕ್ಕೆ ಕಳಿಸಿ ಮಾರುವುದಾದರೆ, ಕೆಲವು ಕರಕುಶಲ ವಸ್ತುಗಳ ರಿಯಾಯಿತಿ ಬಿಟ್ಟರೆ, ವಹಿವಾಟು ಎಷ್ಟೇ ಇರಲಿ ನೋಂದಣಿ ಬೇಕು. ಮೊದಲ ಪಾರ್ಸೆಲ್ ಹೊರಡುವ ಮುಂಚೆಯೇ ಲೆಕ್ಕ ನೋಡುವವರನ್ನು ಕೇಳಿ.

ಏಳನೇ ಹಂತ: ಮಾರುವುದು

ಫೋಟೊ ಬೆಳಗಿನ ನೆರಳಿನಲ್ಲಿ ತೆಗೆಯಿರಿ, ಬಣ್ಣ ತಿದ್ದುವ ಫಿಲ್ಟರ್ ಬೇಡ. ಮದುವೆಯ ಕಾಲದಲ್ಲಿ ಪರಿಚಯದವರ ಮನೆಗಳಿಂದ ಶುರುವಾಗಲಿ. ಅಂಗಡಿ ಬಾಡಿಗೆ ಹಿಡಿಯುವ ಅವಸರ ಬೇಡ. ಗ್ರಹಕ್ಕೆ ಒಳ್ಳೆಯದು, ರೋಗ ವಾಸಿಯಾಗುತ್ತದೆ ಅಂತ ಹೇಳಿ ಮಾರಬೇಡಿ. ನಂಬಿಕೆಯಿಂದ ಕೇಳಿ ಬಂದವರಿಗೂ ಹರಳು ಯಾವುದು, ತೂಕ ಎಷ್ಟು ಅಂತಷ್ಟೇ ಹೇಳಿ.

ಪ್ರತಿ ಡಬ್ಬಿಯಲ್ಲೂ ಕನ್ನಡದಲ್ಲಿ ಬರೆದ ಒಂದು ಚೀಟಿ ಇರಲಿ. ಹರಳಿನ ಹೆಸರು, ಬಣ್ಣ ಹಾಕಿದ್ದೋ ಬಿಸಿ ಮಾಡಿದ್ದೋ, ಬೆಳ್ಳಿಯ ತೂಕ, ಜೋಪಾನ ಹೇಗೆ. ಕಲಬುರಗಿಯ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತು. ಅಮೆಥಿಸ್ಟ್, ರೋಸ್ ಕ್ವಾರ್ಟ್ಜ್ ಬಹಳ ದಿನ ಬಿಸಿಲಿಗೆ ಬಿದ್ದರೆ ಬಣ್ಣ ಮಾಸುತ್ತದೆ. ಕಿಟಕಿಯಲ್ಲಿ, ಕಾರಿನಲ್ಲಿ ಇಡಬೇಡಿ ಅಂತ ಬರೆಯಿರಿ. ಮುತ್ತಿನ ಸರವಾದರೆ ಅತ್ತರು ಹಚ್ಚಿಕೊಂಡ ಮೇಲೆ ಹಾಕಿಕೊಳ್ಳಲು ಹೇಳಿ. ಹರಳು ಸಡಿಲವಾದರೆ ಒಂದು ವರ್ಷ ಪುಕ್ಕಟೆ ಬಿಗಿ ಮಾಡಿಕೊಡುತ್ತೇನೆ ಅಂತಲೂ ಬರೆಯಿರಿ, ಪತ್ತಾರರ ಜೊತೆ ಮೊದಲೇ ಮಾತಾಡಿಕೊಂಡು.