ಮನೆ ಬಾಗಿಲು ತೆರೆದಿತ್ತು, ಅಗಸಿ ಮುಚ್ಚಿತ್ತು: ನನ್ನ ಮೈನ್‌ಕ್ರಾಫ್ಟ್ ಸರ್ವರ್ ಕಥೆ

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ. ದೀಪಾವಳಿ ರಜೆಗೆ ಬೆಳಗಾವಿಯಿಂದ ಅಣ್ಣನ ಮಗ ಬಂದಿದ್ದ. ಅವನೂ ನನ್ನ ಮಗಳೂ ಸೇರಿ, ಚೌಕ ಕಲ್ಲು ಒಂದರ ಮೇಲೊಂದು ಇಟ್ಟು ಕಟ್ಟುವ ಕಂಪ್ಯೂಟರ್ ಆಟ ಮೈನ್‌ಕ್ರಾಫ್ಟ್‌ನಲ್ಲಿ ಗೋಲಗುಮ್ಮಟ ಕಟ್ಟಲು ಶುರು ಮಾಡಿದರು, ಗುಮ್ಮಟ ಅರ್ಧಕ್ಕೆ ಬರುವಷ್ಟರಲ್ಲಿ ರಜೆ ಮುಗೀತು. ಊರಿಗೆ ಹೋದ ಮೇಲೂ ಆಡಬೇಕು ಅಂತ ಹಟ. ಹಳೇ ಲ್ಯಾಪ್‌ಟಾಪ್‌ನಲ್ಲಿ ಸರ್ವರ್, ಅಂದರೆ ದೂರದಿಂದಲೂ ಬಂದು ಕೂಡಿ ಆಡುವ ವ್ಯವಸ್ಥೆ, ಹಾಕಿಕೊಟ್ಟವನು ನಾನೇ, ಹಾಗಾಗಿ ರಿಪೇರಿಯೂ ನನ್ನ ತಲೆಗೇ ಬಂತು.

ಹೋದ ದಿನವೇ ಫೋನ್ ಮಾಡಿದ. "ಕಾಕಾ, ಬರೇ ಕನೆಕ್ಟಿಂಗ್ ಅಂತ ತೋರಸಾಕತ್ತೈತಿ, ಆಮ್ಯಾಲೆ ಟೈಮ್ಡ್ ಔಟ್ ಅಂತೈತಿ."

ಅವನು ಹೇಳಿದ ಆ ಟೈಮ್ಡ್ ಔಟ್ ಅನ್ನೋದನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ, ಅದೇ ತಪ್ಪಾಯಿತು. ರಿಫ್ಯೂಸ್ಡ್ ಅಂತ ಬಂದರೆ ಸಾಮಾನ್ಯವಾಗಿ ಕರೆ ಕಂಪ್ಯೂಟರ್‌ವರೆಗೆ ತಲುಪಿದೆ, ಆದರೆ ಅಲ್ಲಿನ ಆ ನಂಬರಿನ ಬಾಗಿಲು, ಅಂದರೆ ಪೋರ್ಟ್‌ನಲ್ಲಿ ಸರ್ವರ್ ಓಡುತ್ತಿಲ್ಲ ಅಂತ. ಟೈಮ್ಡ್ ಔಟ್ ಅಂದರೆ ಉತ್ತರವೇ ಇಲ್ಲ, ದಾರಿಯಲ್ಲೇ ಎಲ್ಲೋ ಕರೆ ಕಳೆದುಹೋಗಿದೆ. ಎರಡಕ್ಕೂ ಹುಡುಕಬೇಕಾದ ಜಾಗ ಬೇರೆ ಬೇರೆ.

ನಾನು ಮಾಡಿದ್ದೇನು? ರೂಟರ್‌ನಲ್ಲಿ 25565 ಪೋರ್ಟ್ ಫಾರ್ವರ್ಡ್ ಮಾಡಿದೆ, ಅಂದರೆ ಹೊರಗಿಂದ ಆ ಪೋರ್ಟ್‌ಗೆ ಬಂದ ಕರೆ ಸರ್ವರ್ ಲ್ಯಾಪ್‌ಟಾಪ್‌ಗೆ ಹೋಗುವಂತೆ ಮಾಡಿದೆ, ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಸರ್ವರ್‌ಗೆ ಅದೇ ಪೋರ್ಟ್ ಅಲ್ವಾ. ವಿಂಡೋಸ್ ಫೈರ್‌ವಾಲ್‌ನಲ್ಲಿ ಜಾವಾಕ್ಕೆ ಅನುಮತಿ ಕೊಟ್ಟೆ. ಆಗಲಿಲ್ಲ. ಅಳಿಸಿ ಮತ್ತೆ ಹಾಕಿದೆ, ರೂಟರ್ ಆಫ್ ಮಾಡಿ ಆನ್ ಮಾಡಿದೆ, ಹೀಗೆ ಎರಡು ಸಂಜೆ ಹೋದವು. ಪ್ರತಿ ಸಲ ರೂಟರ್ ಆಫ್ ಮಾಡಿದಾಗಲೂ ಅವ್ವನ ಸೀರಿಯಲ್ ನಿಲ್ಲುತ್ತಿತ್ತು, ಅದರ ಬೈಗುಳ ಬೇರೆ.

ಮೂರನೇ ದಿನ ಸುಮ್ನೆ ರೂಟರ್‌ನ ಸ್ಟೇಟಸ್ ಪುಟ ನೋಡುತ್ತಾ ಕೂತಿದ್ದೆ. ವ್ಯಾನ್ ಐಪಿ (ರೂಟರ್‌ನ ಹೊರಗಿನ ಕಡೆಯ ಇಂಟರ್ನೆಟ್ ವಿಳಾಸ) ಅನ್ನೋ ಕಡೆ 100.72ರಿಂದ ಶುರುವಾಗುವ ಅಂಕಿ ಇತ್ತು. ಬ್ರೌಸರ್‌ನಲ್ಲಿ ನನ್ನ ಐಪಿ ಏನು ಅಂತ ನೋಡಿದರೆ ಬೇರೆಯೇ ಬಂತು. ಆಗ ಹೊಳೆಯಿತು. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಇಂಟರ್ನೆಟ್ ಕೊಡುವ ಕಂಪನಿಗಳ ಒಳಬಳಕೆಗೆ ಅಂತಲೇ ತೆಗೆದಿಟ್ಟಿದ್ದಾರೆ. ಹಳೇ ಪದ್ಧತಿಯ ಐಪಿ ವಿಳಾಸಗಳು ಇರುವುದೇ ಸುಮಾರು 430 ಕೋಟಿ, ಎಲ್ಲರಿಗೂ ಸಾಲುವುದಿಲ್ಲ. ಅದಕ್ಕೆ ತುಂಬಾ ಮನೆಗಳನ್ನು ಒಂದೇ ಪಬ್ಲಿಕ್ ವಿಳಾಸದ ಹಿಂದೆ ಕೂರಿಸುತ್ತಾರೆ. ಇದಕ್ಕೆ ಸಿಜಿನ್ಯಾಟ್ ಅಂತಾರೆ. ನಮ್ಮ ಹಳ್ಳಿಗಳ ಅಗಸಿ, ಅಂದರೆ ಊರ ಹೆಬ್ಬಾಗಿಲು, ನೆನಪು ಮಾಡಿಕೊಳ್ಳಿ. ಒಳಗಿನವರು ಹೊರಗೆ ಹೋಗಿ ಬರಬಹುದು, ಹೊರಗಿನವನು ಬಂದು ಕೂಗಿದರೆ ಯಾವ ಮನೆಗೆ ಅಂತ ಅಗಸಿಯಲ್ಲಿ ಕೂತವನಿಗೆ ಗೊತ್ತಿಲ್ಲ. ನಾನು ಎರಡು ದಿನ ನನ್ನ ಮನೆ ಬಾಗಿಲನ್ನಷ್ಟೇ ತೆರೆದು ಮುಚ್ಚಿ ಮಾಡುತ್ತಿದ್ದೆ.

ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ ಪಬ್ಲಿಕ್ ಐಪಿ ಕೇಳಿದೆ. "ಸ್ಪೀಡ್ ಬರೋಬ್ಬರಿ ಬರಾಕತ್ತೈತಲ್ರಿ ಸರ್?" ಅಂದರು. ಆಮೇಲೆ ತಿಂಗಳಿಗೆ ಬೇರೆ ದುಡ್ಡು ಅಂದರು. ಮಕ್ಕಳ ಆಟಕ್ಕೆ ಅದು ಜಾಸ್ತಿ ಅನ್ನಿಸಿತು. ಬದಲಿಗೆ ದೂರದ ಕಂಪ್ಯೂಟರ್‌ಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ಟೇಲ್‌ಸ್ಕೇಲ್ ಹಾಕಿದೆ, ಮನೆ ಬಳಕೆಗೆ ಉಚಿತ. ಎರಡೂ ಲ್ಯಾಪ್‌ಟಾಪ್ ಒಳಗಿನಿಂದ ಹೊರಗೆ ಹೋಗಿ ದಾರಿಯಲ್ಲಿ ಕೈ ಹಿಡಿಯುತ್ತವೆ, ಹಾಗಾಗಿ ಅಗಸಿಯ ತಕರಾರು ಇಲ್ಲ. ಅದು ಕೊಡುವ ವಿಳಾಸವೂ 100ರಿಂದಲೇ ಶುರು, ಮತ್ತೆ ಅದೇ ಪೀಡೆ ಬಂತಾ ಅಂತ ಒಂದು ಕ್ಷಣ ಗಾಬರಿಯಾಯಿತು. ನೇರ ದಾರಿ ಸಿಗದಿದ್ದರೆ ಮಧ್ಯದ ಇನ್ನೊಂದು ಸರ್ವರ್ (ರಿಲೇ) ಮೂಲಕ ಸುತ್ತಿಸಿ ಕಳಿಸುತ್ತದೆ, ಆಗ ಪಿಂಗ್, ಅಂದರೆ ಹೋಗಿ ಬರಲು ಹಿಡಿಯುವ ಸಮಯ, ಏರುತ್ತದೆ. ನಮಗೆ ನೇರವೇ ಸಿಕ್ಕಿತು. ಹುಡುಗ ಒಳಗೆ ಬಂದ.

ಬಂದವನು ಐದು ನಿಮಿಷಕ್ಕೆ, "ಕಾಕಾ, ಇಟ್ಟ ಕಲ್ಲು ವಾಪಸ್ ಬರಾಕತ್ತೈತಿ" ಅಂದ. ಲ್ಯಾಗ್, ಅಂದರೆ ಆಟ ತಡವಾಗಿ ತಲುಪುತ್ತಿದೆ.

ಈ ಸಲ ಹತ್ತಿರದಿಂದ ಶುರು ಮಾಡಿದೆ. ಬೆಳಗಾವಿ ಆಮೇಲೆ, ಮೊದಲು ನಮ್ಮ ರೂಟರ್. ಸರ್ವರ್ ಲ್ಯಾಪ್‌ಟಾಪ್‌ನಿಂದ ರೂಟರ್‌ನ ವಿಳಾಸ 192.168.1.1ಕ್ಕೆ ನಿಲ್ಲದಂತೆ ಪಿಂಗ್ ಬಿಟ್ಟೆ. 2, 3, 2, 240, 3 ಮಿಲಿಸೆಕೆಂಡ್, ಆಮೇಲೆ ಒಂದು ಪೂರ್ತಿ ನಾಪತ್ತೆ. ಹತ್ತು ಹೆಜ್ಜೆ ದೂರದ ರೂಟರ್‌ಗೇ ಹೀಗಾದರೆ ಬೆಳಗಾವಿಗೆ ಏನು ಹೋಗುತ್ತದೆ? ಲ್ಯಾಪ್‌ಟಾಪ್ ಒಳಕೋಣೆಯಲ್ಲಿತ್ತು, ಮಧ್ಯೆ ಕಬ್ಬಿಣದ ತಿಜೋರಿ, ಮೇಲಿಂದ ಅಕ್ಕಪಕ್ಕದ ಮನೆಗಳ ವೈಫೈ ಎಲ್ಲಾ 2.4 ಗಿಗಾಹರ್ಟ್ಸ್‌ನಲ್ಲೇ. ಹದಿನೈದು ಮೀಟರ್ ಲ್ಯಾನ್ ಕೇಬಲ್ ತಂದು ಬಾಗಿಲ ಚೌಕಟ್ಟಿನ ಮೇಲಿಂದ ಎಳೆದೆ. ಪಿಂಗ್ ಒಂದು ಮಿಲಿಸೆಕೆಂಡ್‌ಗಿಂತ ಕೆಳಗೆ ಬಂದು ನಿಂತಿತು.

ಆದರೂ ರಾತ್ರಿ ಒಂಬತ್ತಕ್ಕೆ ಮಾತ್ರ ಅವನ ಕಡೆ ಎಳೆದಾಡುತ್ತಿತ್ತು. ನನ್ನ ಫೋನೇ ಕಾರಣ! ಚಾರ್ಜಿಗೆ ಇಟ್ಟ ಕೂಡಲೇ ದಿನದ ಫೋಟೋ, ವಿಡಿಯೋ ಎಲ್ಲಾ ಬ್ಯಾಕಪ್‌ಗೆ ಹೋಗಿ ಅಪ್‌ಲೋಡ್ ದಾರಿ ತುಂಬುತ್ತಿತ್ತು, ಆಟದ ಚಿಕ್ಕ ಪ್ಯಾಕೆಟ್‌ಗಳು ಅದರ ಹಿಂದೆ ಪಾಳಿ ಹಚ್ಚಿ ನಿಲ್ಲುತ್ತಿದ್ದವು. ಈಗ ಮಕ್ಕಳು ಮಲಗಿದ ಮೇಲೆ ಚಾರ್ಜಿಗೆ ಇಡುತ್ತೇನೆ.

ನಿನ್ನೆ ಮತ್ತೆ ಫೋನ್ ಬಂತು, ವರ್ಷನ್ ಹೊಂದುತ್ತಿಲ್ಲವಂತೆ. ಅವನ ಕಡೆ ಆಟ ತಾನಾಗೇ ಅಪ್‌ಡೇಟ್ ಆಗಿತ್ತು. ಲಾಂಚರ್‌ನಲ್ಲಿ ಹಳೇ ವರ್ಷನ್ ಆರಿಸಿಕೋ ಅಂದೆ, ಎರಡು ನಿಮಿಷದ ಕೆಲಸ. ಗುಮ್ಮಟ ಇನ್ನೂ ಮುಗಿದಿಲ್ಲ.